ಶಕುಂತಲಾಬಾಯಿ ಸತ್ತ ಕತೆ

ಡಾಕ್ಟರಾಗಲು ಪರೀಕ್ಷೆ ಪಾಸಾದರೆ ಸಾಕು ಅಂತ ನಾವೆಲ್ಲ ತಿಳಿದುಕೊಂಡಿದ್ದೇವೆ. ಅಮೆರಿಕದವರಿಗೆ ಅಷ್ಟು ಸಾಲದು. ಅವರಿಗೆ ಅಂಕಪಟ್ಟಿಯ ಜೊತೆಗೆ ಒಂದು ಪುಟ ಕಣ್ಣೀರೂ ಬೇಕು. ಅದಕ್ಕೆ ಪರ್ಸನಲ್ ಸ್ಟೇಟ್‌ಮೆಂಟ್ ಅಂತ ಹೆಸರು. ಅಲ್ಲಿನ ಆಸ್ಪತ್ರೆಗಳಲ್ಲಿ ಮೂರು ವರ್ಷ ದುಡಿಯುತ್ತ ಕಲಿಯುವ ರೆಸಿಡೆನ್ಸಿ ಸೀಟು ಬೇಕಾದವರು ತಾವು ಯಾಕೆ ಡಾಕ್ಟರಾದೆವು ಅನ್ನುವುದನ್ನು ಒಂದೇ ಪುಟದಲ್ಲಿ, ಓದಿದವರ ಕರುಳು ಚುರ್ ಅನ್ನುವ ಹಾಗೆ ಬರೆದು ಕಳಿಸಬೇಕು. ಹುಮನಾಬಾದಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಡ್ಯೂಟಿ ಡಾಕ್ಟರಾಗಿದ್ದ ಆಮ್ರಪಾಲಿಗೆ ಆ ಒಂದು ಪುಟ ತಿಂಗಳುಗಟ್ಟಲೆ ನಿದ್ದೆ ಕೆಡಿಸಿತ್ತು.

ಪರೀಕ್ಷೆಗಳೇನೋ ಮುಗಿದಿದ್ದವು. ಅಂಕ ಬಂದಿದ್ದವು, ಆದರೆ ಕುಣಿದಾಡುವಂಥವಲ್ಲ. ಇಲ್ಲಿ ಎಂ.ಡಿ. ಸೀಟಿಗೆ ಕೂತು ಕೂತು ಸಿಗದೆ, ಕಾಲೇಜು ಬಿಟ್ಟು ವರ್ಷಗಳೇ ಕಳೆದಿದ್ದವು. ಅಂಥವರ ಅರ್ಜಿಯನ್ನು ಅಲ್ಲಿಯವರು ಮೊದಲ ನೋಟಕ್ಕೇ ಪಕ್ಕಕ್ಕಿಡುತ್ತಾರೆ. ಉಳಿಸುವುದಾದರೆ ಬರಹವೊಂದೇ ಉಳಿಸಬೇಕು ಅಂತ ಆನ್‌ಲೈನಿನಲ್ಲಿ ಸಲಹೆ ಕೊಡುವ ಹಿರಿಯ ಡಾಕ್ಟರೊಬ್ಬರು ಮುಖ ಮುಲಾಜಿಲ್ಲದೆ ಹೇಳಿದ್ದರು. ಬೇರೆ ಯಾರಿಂದಲೂ ಬರೆಯಲಾಗದ್ದನ್ನು ಬರೆ ಅಂದಿದ್ದರು. ಹಳೆಯ ವರ್ಷದ ಬರಹಗಳ ಜೊತೆ ತಾಳೆ ಹಾಕಿ ನೋಡುತ್ತಾರೆ, ಎಲ್ಲಿಂದಲೂ ಒಂದು ಸಾಲು ಎತ್ತಿಕೊಳ್ಳಬೇಡ ಅಂತಲೂ ಎಚ್ಚರಿಸಿದ್ದರು. ಕದಿಯುವ ಬುದ್ಧಿ ಆಮ್ರಪಾಲಿಗೆ ಇರಲಿಲ್ಲ. ಇದೊಂದು ಸಲ ಆಗದೆ ಹೋದರೆ ಜನ್ಮವಿಡೀ ಇನ್ನೊಬ್ಬರ ನರ್ಸಿಂಗ್ ಹೋಮಿನಲ್ಲಿ ರಾತ್ರಿಪಾಳಿ ಮಾಡಬೇಕಾಗುತ್ತದೆ ಅನ್ನುವ ಹೆದರಿಕೆ ಮಾತ್ರ ಹೊಟ್ಟೆತುಂಬ ಇತ್ತು.

ತಮಾಷೆ ಅಂದರೆ, ಇಂಥ ಬರಹ ಬರೆದುಕೊಡುವುದು ಅವಳ ಅಣ್ಣ ಸುಮೇಧನ ಉಪಕಸುಬಾಗಿತ್ತು. ಅವನು ಬಸವಕಲ್ಯಾಣದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಬೀದರ, ಭಾಲ್ಕಿ, ಚಿಟಗುಪ್ಪದಿಂದೆಲ್ಲ ಡಾಕ್ಟರ್ ಹುಡುಗರು ಅವನ ಬಾಡಿಗೆ ಕೋಣೆ ಹುಡುಕಿಕೊಂಡು ಬರುತ್ತಿದ್ದರು. ಎದುರಿಗೆ ಕೂರಿಸಿಕೊಂಡು ಅವರ ಬಾಯಿಂದ ಒಂದೊಂದೇ ಮಾತು ಹೊರಡಿಸಿ, ಒಬ್ಬನ ಅಜ್ಜನ ಲಕ್ವ, ಇನ್ನೊಬ್ಬಳ ತಮ್ಮನ ಮೂರ್ಛೆರೋಗ, ಹೀಗೆ ಮನೆಮನೆಯ ಸಂಕಟವನ್ನು ಚಂದದ ಇಂಗ್ಲಿಷಿಗೆ ಇಳಿಸಿಕೊಡುತ್ತಿದ್ದ. ಯಾರದ್ದನ್ನೂ ಇನ್ನೊಬ್ಬರಿಗೆ ತೋರಿಸುತ್ತಿರಲಿಲ್ಲ, ತಂಗಿಗೂ ತೋರಿಸುತ್ತಿರಲಿಲ್ಲ. ಊರಿಗೆಲ್ಲ ಬರೆದುಕೊಡುವ ಆ ಮನುಷ್ಯ ತಂಗಿಯ ಪಾಳಿ ಬಂದಾಗ ಇವತ್ತು ನಾಳೆ ಅನ್ನತೊಡಗಿದ.

"ಅಣ್ಣಾ, ಅವ್ವಂದೇ ಬರೀತೀನಿ," ಅಂತ ಅವಳು ಫೋನಿನಲ್ಲಿ ಹೇಳಿದಳು.

"ಅವ್ವಂದು ಬ್ಯಾಡ," ಅಂದ. "ದವಾಖಾನಿದು ಬರಿ. ಪೇಶಂಟ್ ಮಂದಿದು ಬರಿ. ಅವ್ವ ಸತ್ತದ್ದು ಎಲ್ಲಾರೂ ಬರೀತಾರ."

"ಎಲ್ಲಾರ ಅವ್ವ ಹಳ್ಳಿಖೇಡದ ರಸ್ತಾದಾಗ ಸತ್ತಾಳೇನು?"

"ಬ್ಯಾಡ ಅಂದ್ರ ಬ್ಯಾಡ ಆಮು. ಹೇಳಿದ್ದು ಕೇಳು."

ಅವ್ವನ ನೆನಪು ಅವನಿಂದ ತಡೆದುಕೊಳ್ಳಲಾಗುವುದಿಲ್ಲ, ಅದಕ್ಕೇ ಹೀಗೆ ಅಂತ ಆಮ್ರಪಾಲಿ ತಿಳಿದುಕೊಂಡಳು. ಅಣ್ಣನ ಮೇಲೆ ಅವಳಿಗೆ ಮರುಕ ಹುಟ್ಟಿತು. ಪಾಪದ ಹುಡುಗಿ!

ಕೊನೆಗೆ ಒಂದು ಮಧ್ಯಾಹ್ನ, ಹೊರರೋಗಿಗಳೆಲ್ಲ ಹೋದ ಮೇಲೆ, ಡ್ಯೂಟಿ ರೂಮಿನ ಫ್ಯಾನಿನ ಕೆಳಗೆ ಕೂತು ಅವಳು ತಾನೇ ಬರೆಯತೊಡಗಿದಳು. ಬರೆದದ್ದು ಇಷ್ಟು:

ಅವ್ವ ಶೇವಂತಾಬಾಯಿ ಮಂಠಾಳದಲ್ಲಿ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಅಪ್ಪ ನರಸಿಂಗ ಬೇಗ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಓದಿಸಿದ್ದು ಅವಳ ರಟ್ಟೆ. ನಾಲ್ಕು ಹೆಜ್ಜೆ ಬೀಸಾಗಿ ನಡೆದರೆ ಅವಳಿಗೆ ಏದುಸಿರು. ದಮ್ಮು ಅಂತ ಊರಿನವರು ಅಂದರು, ದಮ್ಮು ಅಂತಲೇ ಗುಳಿಗೆ ಕೊಟ್ಟವರು ಕೊಟ್ಟರು. ಎದೆಗೆ ಸರಿಯಾಗಿ ಕಿವಿಗೊಟ್ಟವರು ಯಾರೂ ಇರಲಿಲ್ಲ. ಹೃದಯದ ಕವಾಟ ಕಿರಿದಾಗಿದ್ದಿರಬೇಕು ಅಂತ ಮಗಳಿಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ, ಮೆಡಿಕಲ್ ಕಾಲೇಜಿನ ವಾರ್ಡಿನಲ್ಲಿ ಯಾರೋ ಹೆಂಗಸಿನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟಾಗ. ಅವತ್ತು ಅವಳು ವಾರ್ಡಿನಿಂದ ಹೊರಗೆ ಹೋಗಿ ಗೋಡೆಗೆ ಮುಖಮಾಡಿ ಅತ್ತಿದ್ದಳು.

ಅವ್ವ ಸತ್ತದ್ದು ಕಬ್ಬು ಕಡಿಯುವ ಕಾಲದಲ್ಲಿ. ಉಸಿರು ಸಿಕ್ಕಿಹಾಕಿಕೊಂಡಾಗ ಹುಮನಾಬಾದಿಗೆ ಕರೆತಂದರು, ಅಲ್ಲಿಯ ಡಾಕ್ಟರು ಬೀದರಿಗೆ ಒಯ್ಯಿರಿ ಅಂದರು, ಬಾಡಿಗೆ ಜೀಪು ಮಾಡಿಕೊಂಡು ಹೊರಟರು. ಹಳ್ಳಿಖೇಡದ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತಿದ್ದವು. ಸುಮೇಧ ಮುಂದಿನ ಸೀಟಿನಿಂದ ಜಿಗಿದು, ದಾರಿ ಬಿಡಿಸಲು ಕೂಗುತ್ತ ಓಡಿದ. ಹಿಂದಿನ ಸೀಟಿನಲ್ಲಿ ಅವ್ವ, ಪಕ್ಕದಲ್ಲಿ ಶಾಲೆಯಿಂದ ನೇರವಾಗಿ ಬಂದಿದ್ದ ಮಗಳು. ಮಲಗಿದರೆ ಉಸಿರಾಡಲಾಗದೆ ಅವ್ವ ಕೂತೇ ಇದ್ದಳು, ತಲೆಯನ್ನು ಮಗಳ ಹೆಗಲಿಗೆ ಆನಿಸಿದ್ದಳು. ಆಗ ಅಂದದ್ದು: "ತಲಿಗಿ ಎಣ್ಣಿ ಹಚ್ಚೀನಿ, ನಿನ್ನ ಸಾಲಿ ಅಂಗಿಗಿ ಹತ್ತತದ. ಜರಾ ಸರಿ."

ಹೇಳಿದ ಮಾತು ಕೇಳುವ ಹುಡುಗಿ. ಜರಾ ಸರಿದಳು. ಅವ್ವನ ತಲೆ ಕಿಟಕಿಯ ಸರಳಿಗೆ ಹೋಗಿ ಒರಗಿತು. ಸುಮೇಧ ದಾರಿ ಬಿಡಿಸಿಕೊಂಡು ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಾನು ಸರಿದದ್ದನ್ನು ಆಮ್ರಪಾಲಿ ಲೋಕದಲ್ಲಿ ಒಬ್ಬನಿಗೆ ಮಾತ್ರ ಹೇಳಿದ್ದಳು, ಅವ್ವನನ್ನು ಮಣ್ಣಿಗಿಟ್ಟು ಬಂದ ದಿನ, ಅಣ್ಣನಿಗೆ. ಈಗ ಅದನ್ನು ಕಾಗದಕ್ಕೆ ಹಾಕಿದ ಮೇಲೆ ಅವಳ ಎದೆ ಹಗುರಾಯಿತು. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಯಾರೋ ಅಪರಿಚಿತರಾದರೂ ಓದಲಿ, ಓದಿ ಬೈಯಲಿ ಇಲ್ಲವೇ ಕ್ಷಮಿಸಲಿ ಅನ್ನಿಸಿತು. ಸೀಟಿನ ಆಸೆಗಿಂತ ಆ ಆಸೆಯೇ ದೊಡ್ಡದಾಗಿತ್ತು ಅಂದರೂ ಸುಳ್ಳಲ್ಲ.

ಭಾನುವಾರ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದಳು. ಸುಮೇಧ ಕೋಣೆಯ ಬಾಗಿಲಲ್ಲೇ ನಿಂತು ಬರಹ ಓದಿದ. ಓದುತ್ತ ಓದುತ್ತ ಅವನ ಮುಖ ಇಳಿಯಿತು. ಎರಡನೆಯ ಸಲ ಓದುವ ನೆಪದಲ್ಲಿ ತಲೆ ಎತ್ತಲೇ ಇಲ್ಲ.

"ಹ್ಯಾಂಗದ?" ಅಂತ ಅವಳು ಕೇಳಿದಳು.

"ಚಂದ ಇಲ್ಲ."

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ಎಲ್ಲಿ ಚಂದ ಇಲ್ಲ, ಹೇಳು. ತಿದ್ದತೀನಿ."

"ತಿದ್ದೋದಲ್ಲ. ಇದನ್ನ ಕಳಿಸಲೇಬ್ಯಾಡ. ನನ್ನ ಕಸಂ ಅದ ನಿನಗ."

"ಯಾಕ? ಕಾರಣ ಹೇಳು."

"ಕಾರಣ ಬ್ಯಾರೆ ಹೇಳಬೇಕೇನು? ಇಷ್ಟು ಮಂದಿಗಿ ಬರದುಕೊಟ್ಟೀನಿ, ನನಗ ಗೊತ್ತಾಗಂಗಿಲ್ಲೇನು?"

ಊರವರ ಅಜ್ಜ ಅಜ್ಜಿಯರಿಗೆಲ್ಲ ಅತ್ತ ಮನುಷ್ಯ ಸ್ವಂತ ಅವ್ವನ ಸಾವನ್ನು ಚಂದ ಇಲ್ಲ ಅಂದುಬಿಟ್ಟನಲ್ಲ ಅಂತ ಆಮ್ರಪಾಲಿಗೆ ಅಳು ಉಕ್ಕಿಬಂತು. ಸಿಟ್ಟೂ ಬಂತು. ಕಾಗದ ಕಿತ್ತುಕೊಂಡು ಹೊರಟಳು. ಹೊರಟವಳು ಬಸ್ ಸ್ಟ್ಯಾಂಡಿಗೆ ಹೋಗದೆ ಬಸವಕುಮಾರನ ಮನೆಗೆ ಹೋದಳು.

ಬಸವಕುಮಾರ ಅವಳ ಕಾಲೇಜಿನವನೇ, ಅವಳಿಗಿಂತ ಒಂದೆರಡು ವರ್ಷ ಕಿರಿಯ. ಅಪ್ಪ ವೈಜನಾಥ ಸಾವ್ಕಾರರಿಗೆ ಊರಲ್ಲಿ ಕಾಳು ಕೊಂಡು ಮಾರುವ ಅಡತಿ ಅಂಗಡಿ, ಮಂಠಾಳದಲ್ಲಿ ಹೊಲ. ಆ ಹೊಲದಲ್ಲೇ ಶೇವಂತಾಬಾಯಿ ಕಳೆ ತೆಗೆದವಳು, ಕಬ್ಬು ಕಡಿದವಳು. ಹೋದ ವರ್ಷ ಬಸವಕುಮಾರ ಅಮೆರಿಕಕ್ಕೆ ಅರ್ಜಿ ಹಾಕಿ, ಸೀಟು ಗಿಟ್ಟಿಸಿ, ವೀಸಾ ತಡವಾಗಿ ಇನ್ನೂ ಮನೆಯಲ್ಲೇ ಉಳಿದಿದ್ದ. ಅವನ ಬರಹವನ್ನೂ ಸುಮೇಧನೇ ಬರೆದುಕೊಟ್ಟಿದ್ದ, ಅದು ಡಾಕ್ಟರ್ ಹುಡುಗರಿಗೆಲ್ಲ ಗೊತ್ತಿದ್ದ ಸಂಗತಿ.

ಆ ಮನೆಯ ರೀತಿಯನ್ನೂ ಇಲ್ಲಿ ಹೇಳಿಬಿಡಬೇಕು. ಅಲ್ಲಿ ಯಾರೂ ಆಮ್ರಪಾಲಿಗೆ ಒಂದು ಕೆಟ್ಟ ಮಾತು ಆಡಿದ್ದಿಲ್ಲ. ದೂರ ನಿಲ್ಲು ಅಂದದ್ದಿಲ್ಲ. ಡಾಕ್ಟರಾದ ಮೇಲಂತೂ ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿ ಚಹಾ ಕೊಡುತ್ತಿದ್ದರು, ಬಿ.ಪಿ. ನೋಡಿಸಿಕೊಳ್ಳುತ್ತಿದ್ದರು. ಒಳಗೆ ಬಾ ಅಂತ ಮಾತ್ರ ಯಾರೂ ಅಂದಿರಲಿಲ್ಲ, ಅವಳೂ ಹೋಗಿರಲಿಲ್ಲ. ಅವ್ವ ಬಸವಕುಮಾರನ ತಾಯಿಗೆ ಸಾವ್ಕಾರ್ತಿ ಅನ್ನುತ್ತಿದ್ದಳು. ಮಗಳು ಧೈರ್ಯ ಮಾಡಿ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದಳು. ಎರಡು ತಲೆಮಾರಿನಲ್ಲಿ ಆದ ಬದಲಾವಣೆ ಅಷ್ಟು.

"ಬರ್ರಿ ಬರ್ರಿ ಡಾಕ್ಟರ್," ಅಂತ ಬಸವಕುಮಾರ ಕುರ್ಚಿ ಎಳೆದ. ಅವಳ ಗೋಳು ಕೇಳಿ ಮೊಬೈಲ್ ತೆಗೆದ. "ನಂದು ನೋಡ್ರಿ, ಅಂದಾಜು ಬರ್ತದ. ಸುಮೇಧ ಸರ್ ಅಂದ್ರ ಸರ್ ರೀ! ನನ್ನ ಕಡಿ ಏನಿತ್ತು? ಅಪ್ಪಂದು ಅಂಗಡಿ, ಅಮ್ಮಂದು ಹೋಳಿಗಿ. ಇದ್ರಾಗ ಎಲ್ಲಿ ಕತಿ ಹುಟ್ತದ? ಸರ್ ಕಲ್ಪನಾ ಮಾಡಿ ಬರದ್ರು." ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿ ನಕ್ಕ. "ಅಮ್ಮನ್ನ ಸಾಯಿಸಬೇಕಾತು. ಏನ್ ಮಾಡೋದು ಹೇಳ್ರಿ?"

ಆಮ್ರಪಾಲಿ ಓದತೊಡಗಿದಳು. ಇಂಗ್ಲಿಷ್ ಚೆನ್ನಾಗಿತ್ತು, ಅವಳದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಒಂದು ಜೀಪು. ಕಬ್ಬಿನ ಟ್ರ್ಯಾಕ್ಟರುಗಳು. ಉಸಿರಿಲ್ಲದ ತಾಯಿ, ಹೆಗಲಿಗೆ ಆನಿಸಿದ ತಲೆ, ಶಾಲೆಯ ಅಂಗಿ. ಎಣ್ಣೆ ಹತ್ತುತ್ತದೆ ಮಗನೇ, ಸ್ವಲ್ಪ ಸರಿ ಅಂದಳು ನನ್ನ ತಾಯಿ. ನಾನು ಸರಿದೆ.

ಅವಳು ಆ ಸಾಲಿನ ಮೇಲೆ ನಿಂತುಬಿಟ್ಟಳು. ಮುಂದಿನ ಸಾಲು ಕಣ್ಣಿಗೆ ಕಾಣಲಿಲ್ಲ.

"ಇಂಟರ್‌ವ್ಯೂದಾಗ ಎಲ್ಲಾರೂ ಆ ಎಣ್ಣಿ ಮಾತೇ ಕೇಳಿದ್ರು," ಅಂತ ಬಸವಕುಮಾರ ಹೇಳುತ್ತಿದ್ದ. "ಮ್ಯಾಲಿನ ಕೋಣ್ಯಾಗ ಬಾಗಲಾ ಹಾಕ್ಕೊಂಡು ಲ್ಯಾಪ್‌ಟಾಪ್ ಮುಂದ ಕುಂತಿದ್ದೆ. ಅಮ್ಮಗ ಇಂಗ್ಲಿಷ್ ಬರಂಗಿಲ್ಲ, ಆದ್ರೂ ಆಕಿ ಎದುರಿಗಿ ಆಕಿ ಸತ್ತಾಳ ಅನ್ನಾಕ ಮನಸ್ಸು ಬರಲಿಲ್ಲ. ಒಬ್ಬಾಕಿ ಡಾಕ್ಟರ್ ಕಣ್ಣು ಒರಸ್ಕೊಂಡ್ಳು ರೀ. ನನಗೂ ಅಳು ಬಂತು, ಖರೇನ."

ಅಷ್ಟರಲ್ಲಿ ಸತ್ತವಳೇ ಚಹಾ ತಂದಳು. ಶಕುಂತಲಾಬಾಯಿ ಗಟ್ಟಿಮುಟ್ಟಾದ ಹೆಂಗಸು, ಕೈತುಂಬ ಹಸಿರು ಬಳೆ, ನಕ್ಕರೆ ಪಡಸಾಲೆ ತುಂಬುತ್ತಿತ್ತು. ಟ್ರೇ ಕೆಳಗಿಟ್ಟು, "ಅದೇ ಅಲಾ ಓದಾಕತ್ತಿದ್ದು?" ಅಂತ ಕೇಳಿದಳು. "ನನ್ನ ಮ್ಯಾಲೇ ಬರದಾನಂತ. ಓಣಿ ಮಂದಿಗೆಲ್ಲ ಹೇಳೀನಿ. ಏನು ಬರದಾನ, ಜರಾ ನಮ್ಮ ಮಾತಿನಾಗ ಹೇಳವ್ವ."

"ಅಮ್ಮಾ, ಅದೆಲ್ಲಾ ಡಾಕ್ಟರ್ ಮಂದಿ ಇಂಗ್ಲಿಷ್, ನಿನಗ ತಿಳಿಯಂಗಿಲ್ಲ," ಅಂತ ಮಗ ಅವಸರದಿಂದ ಮೊಬೈಲ್ ತೆಗೆದುಕೊಂಡ.

ಆಮ್ರಪಾಲಿ ಚಹಾ ಮುಟ್ಟದೆ ಎದ್ದಳು. ಬಸವಕುಮಾರನಿಗೆ ಏನೂ ಗೊತ್ತಿಲ್ಲ ಅನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಬೈಯೋಣ ಅಂದರೆ ಬೈಯಲೂ ಆಗದಷ್ಟು ಮುಗ್ಧ ನಗು ಅದು.

ಸುಮೇಧ ಕೋಣೆಯೊಳಗೆ ಒಬ್ಬನೇ ಕೂತಿದ್ದ. ಅವಳು ಬಾಗಿಲಿಗೆ ಬಂದು ನಿಂತಾಗ, ಅವಳ ಮುಖದಿಂದಲೇ ತಿಳಿದುಕೊಂಡು, ನೋಡಿದಿ ಅಲಾ ಅನ್ನುವ ಹಾಗೆ ತಲೆಯಾಡಿಸಿದ.

"ಅವ್ವನ್ನ ಮಾರಿಕೊಂಡ್ಯಲ್ಲೋ ಅಣ್ಣಾ," ಅಂದಳು ಆಮ್ರಪಾಲಿ.

ಅವನು ತಡಬಡಿಸಿ ಏನೇನೋ ಹೇಳಿದ. ಆಗ ನೀನು ಇಲ್ಲೇ ಎಂ.ಡಿ. ಸೀಟಿನ ಪರೀಕ್ಷೆಗೆ ಓದುತ್ತಿದ್ದೆ, ಅಮೆರಿಕದ ಹೆಸರೇ ಎತ್ತಿರಲಿಲ್ಲ ಅಂದ. ಬಸವಕುಮಾರನ ಬಾಯಿಂದ ಎಷ್ಟು ಕೇಳಿದರೂ ಒಂದು ಕತೆ ಹೊರಡಲಿಲ್ಲ, ಅವನ ಮನೆಯಲ್ಲಿ ಯಾರಿಗೂ ನೆಗಡಿಗಿಂತ ದೊಡ್ಡ ರೋಗ ಬಂದಿರಲಿಲ್ಲ ಅಂದ. ಕಡೆಯ ದಿನ ಬಂದುಬಿಟ್ಟಿತ್ತು, ಬರೆಯಲು ಕೂತರೆ ಕೈ ತಾನೇ ಅದನ್ನು ಬರೆಯಿತು ಅಂದ. ಇವೆಲ್ಲ ನೆಪಗಳು ಅಂತ ಅವನಿಗೂ ಗೊತ್ತಿತ್ತು.

"ನಾ ಹೇಳಿದ್ದು ನಿನಗೊಬ್ಬನಿಗೇ," ಅಂದಳು ಅವಳು. "ಸರದಾಕಿ ನಾನು. ಆ ಸುದ್ದಿ ನಂದು. ಅದನ್ನ ಹ್ಯಾಂಗ ಕೊಟ್ಟಿ?"

"ನೀ ಸರದಿ ಅಂತ ಅಳ್ತಿ," ಅಂದ ಸುಮೇಧ. "ಸರಿಯಾಕಾದ್ರೂ ನೀ ಬಾಜೂಕ ಇದ್ದಿ. ನಾ ಎಲ್ಲಿದ್ದೆ? ಟ್ರ್ಯಾಕ್ಟರ್ ಮಂದಿ ಜೋಡಿ ಜಗಳಾಡಾಕತ್ತಿದ್ದೆ. ಬರಿಯೋ ಟೈಮಿನಾಗ ಒಂದ್ಸಲ ನಾನೂ ಅವ್ವನ ಬಾಜೂಕ ಕುಂತೆ ಆಮು. ನನ್ನ ಹೆಗಲ ಮ್ಯಾಲ ಆಕಿ ತಲಿ ಇತ್ತು. ಯಾರ ಹೆಸರಿಗಿ ಬರಿಯಾಕತ್ತೀನಿ ಅನ್ನೋದೂ ಮರ್ತಿದ್ದೆ."

ಆಮ್ರಪಾಲಿಗೆ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು, ಅದು ಇಳಿದದ್ದಕ್ಕೆ ಇನ್ನಷ್ಟು ಸಂಕಟವಾಯಿತು. ಅಣ್ಣನೂ ತನ್ನ ಹಾಗೆಯೇ ಇಷ್ಟು ವರ್ಷ ಆ ಜೀಪಿನ ಸುತ್ತಲೇ ತಿರುಗುತ್ತಿದ್ದ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಆ ಮಾತನ್ನು ಇಬ್ಬರೂ ಎತ್ತಿದ್ದಿಲ್ಲ.

"ನಾ ನಂದು ಕಳಿಸಾಕೀನೇ," ಅಂದಳು ಕೊನೆಗೆ. "ತಾಳೆ ನೋಡಿ ಹಿಡೀಲಿ ಬೇಕಾದ್ರ. ನಮ್ಮವ್ವ ಸತ್ತಾಳ. ಅವರಮ್ಮ ಹೋಳಿಗಿ ಮಾಡಾಕತ್ತಾಳ. ಯಾರದು ಖರೆ ಅಂತ ಬಂದು ನೋಡಲಿ."

"ಅವನ ಸೀಟು ಹೋಗ್ತದ. ನನ್ನ ನೌಕರಿನೂ ಹೋಗ್ತದ."

"ಹೋಗಲಿ."

ಹಾಗಂದಳು, ಆದರೆ ಹಿಂದಿನಿಂದ ಇರಿಯುವ ಜಾತಿಯವಳಲ್ಲ. ಕಳಿಸುವ ಮೊದಲು ಬಸವಕುಮಾರನಿಗೆ ಮುಖಾಮುಖಿ ಹೇಳಿಬಿಡಬೇಕು, ಬೇಕಾದರೆ ಅವನೇ ತಪ್ಪೊಪ್ಪಿಕೊಂಡು ಬರೆದುಕೊಳ್ಳಲಿ ಅಂತ ನಿಶ್ಚಯಿಸಿದಳು. ಅಣ್ಣನ ಜೊತೆ ಮತ್ತೆ ಮಾತಾಡದೆ ಅಲ್ಲೇ ಗೋಡೆಗೆ ಮುಖಮಾಡಿ ಮಲಗಿ, ಬೆಳಗಾದ ಮೇಲೆ ಸಾವ್ಕಾರರ ಮನೆಗೆ ಹೋದಳು.

ಬಸವಕುಮಾರ ಇರಲಿಲ್ಲ. ವೀಸಾದ ಕೆಲಸಕ್ಕೆ ಅಪ್ಪನ ಜೊತೆ ನಸುಕಿನಲ್ಲೇ ಹೈದರಾಬಾದಿಗೆ ಹೊರಟುಹೋಗಿದ್ದ. ಪಡಸಾಲೆಯಲ್ಲಿ ಬಾಯಿ ತೆರೆದ ಎರಡು ದೊಡ್ಡ ಸೂಟ್‌ಕೇಸುಗಳು, ಅವುಗಳ ಸುತ್ತ ಚಟ್ನಿಪುಡಿಯ ಡಬ್ಬಿಗಳು. ಶಕುಂತಲಾಬಾಯಿ ಒಬ್ಬಳೇ ಕೂತು ಡಬ್ಬಿಗಳ ಬಾಯಿಗೆ ಬಟ್ಟೆ ಬಿಗಿಯುತ್ತಿದ್ದಳು.

"ಬಾ ಬಾ, ಒಳ್ಳೆ ಟೈಮಿಗಿ ಬಂದಿ," ಅಂದಳು. "ನಿನ್ನೆ ಚಹಾನೂ ಕುಡೀಲಿಲ್ಲ, ಕಣ್ಣಾಗ ನೀರು ತಂದ್ಕೊಂಡು ಎದ್ದುಹೋದಿ. ರಾತ್ರೆಲ್ಲಾ ಅದೇ ಯೋಚನಿ ನನಗ. ಅಂಥಾದ್ದೇನು ಬರದಾನವ್ವ ನನ್ನ ಮ್ಯಾಲ? ಈಗ ಅವ ಇಲ್ಲ, ಹೇಳಿಬಿಡು."

ಆಮ್ರಪಾಲಿ ಬೇಡ ಅಂದುಕೊಂಡಳು. ಆದರೆ ಆ ಮುಖದಲ್ಲಿ ಅಂಥ ಹೆಮ್ಮೆಯಿತ್ತು. ತನ್ನ ಅವ್ವನಿಗೆ ಸಿಗಬೇಕಾದ ಹೆಮ್ಮೆ ಅದು ಅನ್ನಿಸಿ ಅವಳ ಒಳಗೆ ಏನೋ ಬಿರುಸಾಯಿತು. ಕುರ್ಚಿಯ ತುದಿಯಲ್ಲಿ ಕೂತು ಇಂಗ್ಲಿಷಿನಲ್ಲಿದ್ದದ್ದನ್ನು ಒಂದೂ ಬಿಡದೆ ಮಂಠಾಳದ ಮಾತಿನಲ್ಲಿ ಹೇಳುತ್ತ ಹೋದಳು. ಜೀಪು, ಟ್ರ್ಯಾಕ್ಟರು, ಎಣ್ಣೆಯ ಮಾತು, ಸರಿದದ್ದು, ಸತ್ತದ್ದು.

ಶಕುಂತಲಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಗಟ್ಟಿಯಾಗಿ ನಕ್ಕಳು. "ಅಯ್ಯ ನನ ಮಗನ! ನನ್ನ ಸಾಯಿಸಿಬಿಟ್ಟಾನ? ಇರಲಿ ಬಿಡು, ಸತ್ತಾಳ ಅಂತ ಸುಳ್ಳು ಸುದ್ದಿ ಎದ್ರ ಆಯುಷ್ಯ ಹೆಚ್ಚಾಗ್ತದಂತ." ಇನ್ನೂ ನಗುತ್ತಲೇ ಕಣ್ಣು ಒರೆಸಿಕೊಂಡಳು. "ಅವ್ವ ಇಲ್ಲಾಂದ್ರ ಹ್ಯಾಂಗ ಅಂತ ಎಷ್ಟು ಹೆದರ್ಯಾನ ನೋಡು ಕೂಸು. ಆದ್ರ ಜೀಪಿನ್ಯಾಗ ಯಾಕ? ನಮ್ಮ ಮನ್ಯಾಗ ಕಾರ್ ಅದ. ಮತ್ತ ಅವ ಸಾಲಿ ಕಲ್ತದ್ದು ಹಾಸ್ಟೆಲ್ಲಿನಾಗ, ನನ್ನ ಬಾಜೂಕ ಯಾವಾಗ ಕುಂತಿದ್ದ..."

ನಗು ನಿಧಾನಕ್ಕೆ ನಿಂತಿತು. ಅವಳು 'ಅದ್ಯಾರ ಸುದ್ದಿ' ಅಂತ ಕೇಳಲು ಬಾಯಿ ತೆರೆದು, ಎದುರಿಗಿದ್ದವಳ ಮುಖ ನೋಡಿ ಹಾಗೆಯೇ ಉಳಿದಳು.

"ಅದು ನಮ್ಮವ್ವ ರೀ ಕಾಕು," ಅಂದಳು ಆಮ್ರಪಾಲಿ. "ನಮ್ಮಣ್ಣ ನಿಮ್ಮ ಮಗಗ ಬರದುಕೊಟ್ಟಾನ. ನಿಮ್ಮ ಮಗಗ ಗೊತ್ತಿಲ್ಲ. ಈಗ ನಾನೂ ಅದೇ ಬರದು ಕಳಿಸಬೇಕಾಗ್ಯಾದ. ಅದನ್ನೇ ಹೇಳಾಕ ಬಂದಿದ್ದೆ."

ಶಕುಂತಲಾಬಾಯಿ ಡಬ್ಬಿಗಳನ್ನು ನೋಡಿದಳು, ಸೂಟ್‌ಕೇಸು ನೋಡಿದಳು. ಅಯ್ಯೋ ಪಾಪ ಅಂದಾಳು, ಅವ್ವನ ಬಗ್ಗೆ ಒಂದು ಮಾತು ಆಡಿಯಾಳು ಅಂತ ಆಮ್ರಪಾಲಿ ಕಾದಳು. ಅಷ್ಟು ಕಾಯುವ ಹಕ್ಕು ಅವಳಿಗಿತ್ತು ಅನ್ನಬೇಕು.

"ನೀನೂ ಕಳಿಸಿದ್ರ ಅವನ ಸೀಟಿಗಿ ಏನಾಗ್ತದ?" ಅಂತ ಕೇಳಿದಳು ಶಕುಂತಲಾಬಾಯಿ.

"ಹೋಗಬಹುದು ರೀ."

"ಕಳಿಸದಿದ್ರ ನಿಂದು?"

"ನಂದು ಹೋಗ್ತದ."

ಶಕುಂತಲಾಬಾಯಿ ನೆಲಕ್ಕೆ ಕೈಯೂರಿ ಎದ್ದಳು. ಹತ್ತಿರ ಬಂದು ಆಮ್ರಪಾಲಿಯ ಮುಂಗೈ ಹಿಡಿದಳು. "ಒಳಗ ಬಾ," ಅಂದಳು. "ಮುಂಜಾನಿಂದ ಏನೂ ತಿಂದಿಲ್ಲ ನೀ, ಮಾರಿ ನೋಡು ಹ್ಯಾಂಗಾಗ್ಯಾದ. ಬಾ, ಬಿಸಿ ರೊಟ್ಟಿ ಹಾಕ್ತೀನಿ."

ಅಡುಗೆಮನೆಯ ಹೊಸ್ತಿಲ ಬಳಿ ಆಮ್ರಪಾಲಿಯ ಕಾಲುಗಳು ತಾವಾಗಿಯೇ ನಿಂತವು. ಶಕುಂತಲಾಬಾಯಿ ಕೈ ಬಿಡದೆ ಎಳೆದುಕೊಂಡು ಹೋದಳು, ಗೋಡೆಗೆ ಮಣೆ ಹಾಕಿದಳು, ಮನೆಯವರು ಉಣ್ಣುವ ಹಿತ್ತಾಳೆ ತಾಟನ್ನು ಇಳಿಸಿ ಸೆರಗಿನಿಂದ ಒರೆಸಿದಳು. ಹಂಚು ಕಾಯಿತು. ಜೋಳದ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಒಂದು ಮಿಳ್ಳೆ ತುಪ್ಪ.

ಇದು ಏನು ಅಂತ ಆಮ್ರಪಾಲಿಗೆ ತಿಳಿಯಲಿಲ್ಲ ಅಂತಲ್ಲ. ನಮ್ಮ ಕಡೆ ಒಂದು ಮನೆಯ ಒಲೆಯ ಮುಂದೆ ಕೂತು ಉಂಡು, ಆಮೇಲೆ ಆ ಮನೆಯ ಮಗನ ಅನ್ನಕ್ಕೆ ಕೈ ಹಾಕಿದರು ಅನ್ನುವ ಮಾತು ಬಂದರೆ ಅಂಥವರನ್ನು ಯಾರೂ ಬಾಗಿಲಿಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಜಗಳವಿದ್ದವರು ಅದು ತೀರುವ ಮೊದಲು ಆ ಮನೆಯ ನೀರೂ ಮುಟ್ಟುವುದಿಲ್ಲ. ಶಕುಂತಲಾಬಾಯಿಗೆ ಅದು ಗೊತ್ತಿತ್ತು. ತಾಟಿನ ಮುಂದೆ ಕೂತವಳಿಗೂ ಗೊತ್ತಿತ್ತು. ಮುಟ್ಟದೆ ಎದ್ದುಹೋಗಬಹುದಿತ್ತು. ಎದ್ದುಹೋಗಬೇಕಾಗಿತ್ತು ಅಂತ ಈ ಕತೆ ಹೇಳುವವರಿಗೆ ಈಗಲೂ ಅನ್ನಿಸುತ್ತದೆ.

ಆದರೆ ಹಂಚಿನಿಂದ ನೇರವಾಗಿ ತಾಟಿಗೆ ಬೀಳುವ ರೊಟ್ಟಿಯನ್ನು ಅವಳು ಅವ್ವ ಹೋದ ಮೇಲೆ ಉಂಡೇ ಇರಲಿಲ್ಲ. ಹಾಸ್ಟೆಲಿನ ತಣ್ಣನೆಯ ಅನ್ನ, ಕ್ಯಾಂಟೀನಿನ ಇಡ್ಲಿ, ಡ್ಯೂಟಿ ರೂಮಿನ ಬ್ರೆಡ್ಡು, ಇಷ್ಟರಲ್ಲೇ ಇಷ್ಟು ವರ್ಷ ಕಳೆದಿತ್ತು. ರೊಟ್ಟಿ ಉಬ್ಬಿತು, ಆವಿ ಮುಖಕ್ಕೆ ಹೊಡೆಯಿತು. ಅವಳಿಗೆ ಹಸಿವಾಗಿತ್ತು. ಅಷ್ಟು ಹಸಿವಾಗಿದೆ ಅಂತ ಆ ಗಳಿಗೆಯವರೆಗೆ ಅವಳಿಗೇ ಗೊತ್ತಿರಲಿಲ್ಲ. ತುತ್ತು ಮುರಿದು ಬಾಯಿಗಿಟ್ಟಳು.

ತನ್ನ ಬರಹದಲ್ಲಿ ಅವ್ವ ಇರುವುದಿಲ್ಲ ಅಂತ ಆ ತುತ್ತು ಗಂಟಲಿಳಿಯುವಾಗಲೇ ಗೊತ್ತಾಯಿತು. ನರ್ಸಿಂಗ್ ಹೋಮಿನ ರೋಗಿಗಳ ಬಗ್ಗೆ ನಾಲ್ಕು ಒಣ ಮಾತು ಬರೆದು ಕಳಿಸುವುದು. ಅದನ್ನು ಅಲ್ಲಿ ಯಾರೋ ಅರ್ಧಕ್ಕೆ ಬಿಟ್ಟು ಪಕ್ಕಕ್ಕೆ ಇಡುವುದು. ಕಣ್ಣೀರು ಉದುರಿ ಪಲ್ಯದಲ್ಲಿ ಬಿತ್ತು, ಅವಳು ಹಾಗೆಯೇ ಉಂಡಳು.

ಶಕುಂತಲಾಬಾಯಿ ಒಲೆ ಸಣ್ಣ ಮಾಡಿ ಅವಳ ಎದುರಿಗೆ ಕೂತಳು. ಈಗ ಅವಳ ಮುಖದಲ್ಲಿ ಭಯ ಹೋಗಿ ಅಕ್ಕರೆ ಬಂದಿತ್ತು. ಅದು ನಟನೆಯಾಗಿರಲಿಲ್ಲ. "ನೀನೂ ನನ್ನ ಮಗಳ ಇದ್ದಂಗ," ಅಂತ ಅವಳ ಬೆನ್ನು ಸವರಿದಳು. "ಇನ್ನ ಮ್ಯಾಲ ಹೊರಗ ಕುಂದ್ರಬ್ಯಾಡ, ನೇರ ಒಳಗ ಬಾ. ನಿಮ್ಮವ್ವ ನಮ್ಮ ಹೊಲ್ದಾಗ ಎಷ್ಟು ದುಡದಾಳ. ಎತ್ತರಕ ಇದ್ಲು, ಹಣಿ ಮ್ಯಾಲ ಗಾಯದ ಗುರುತಿತ್ತು, ಹೌದಿಲ್ಲೋ?"

"ಇಲ್ರಿ. ಆಕಿ ಬ್ಯಾರೆ ಯಾರೋ. ನಮ್ಮವ್ವ ಗಿಡ್ಡ ಇದ್ಲು."

"ಹೌದೇನು?" ಶಕುಂತಲಾಬಾಯಿ ನೆನಪು ಮಾಡಿಕೊಳ್ಳಲು ನೋಡಿದಳು. ನಿಜವಾಗಿಯೂ ಕಷ್ಟಪಟ್ಟು ನೋಡಿದಳು. ಆಮೇಲೆ ಇನ್ನೊಂದು ರೊಟ್ಟಿ ತಾಟಿಗೆ ಹಾಕಿ, ತುಪ್ಪದ ಮಿಳ್ಳೆಗೆ ಕೈ ಚಾಚುತ್ತ ಮೆಲ್ಲಗೆ ಕೇಳಿದಳು.

"ಹೆಸರೇನಿತ್ತವ್ವ ಆಕಿದು?"